ಫಾಗ್ ಲ್ಯಾಂಪ್ ಕೈಕೊಟ್ಟರೆ ಮೊದಲು ಅರ್ತ್ ಬೋಲ್ಟ್ ನೋಡಿ

ಚೆರ್ಕಳದಿಂದ ಜಾಲ್ಸೂರು, ಅಲ್ಲಿಂದ ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಘಾಟಿ ಹತ್ತುವವರಿಗೆ ಮಂಜು ಅಂದರೆ ಏನೆಂದು ಹೇಳಬೇಕಾಗಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಧ್ಯಾಹ್ನ ಮೂರು ಗಂಟೆಗೇ ಮುಂದಿನ ಲಾರಿ ಮಾಯವಾಗುತ್ತದೆ. ಹಾಗಾಗಿ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಕಾರಿನ ಕಡಿಮೆ ರೇಟಿನ ಮಾದರಿ ಕೊಂಡು, ಆಮೇಲೆ ಫಾಗ್ ಲ್ಯಾಂಪ್ ಹಾಕಿಸುತ್ತಾರೆ. ಅದರ ಬೆನ್ನಿಗೆ ಜೋಡಿ ಹಾರ್ನ್, ರಿವರ್ಸ್ ಕ್ಯಾಮೆರಾ, ಡ್ಯಾಶ್‌ಕ್ಯಾಮ್, ಒಂದಿಷ್ಟು ಎಲ್‌ಇಡಿ ಪಟ್ಟಿ. ಬೇಸಗೆಯಲ್ಲಿ ಎಲ್ಲ ಸರಿಯೇ ಇರುತ್ತದೆ. ಮೇ ಕೊನೆಯ ಪತ್ತನಾಜೆ ಕಳೆದು ನಾಲ್ಕು ಮಳೆ ಬಿದ್ದ ಮೇಲೆ ಒಂದೊಂದೇ ತಕರಾರು ಶುರು.

ನಾನು ಕಲಿತ ಇಲೆಕ್ಟ್ರೀಷನ್ ಅಲ್ಲ. ನನ್ನ ಕಾರು, ಭಾವಂದಿರ ಕಾರು, ನೆರೆಕರೆಯವರ ಕಾರು ಅಂತ ನೋಡಿ ನೋಡಿ ಅಭ್ಯಾಸವಾಯಿತು. ಜಾಸ್ತಿ ಸಲ ನಾನು ಕಂಡದ್ದು ಒಂದೇ: ಕೆಟ್ಟಿರುವುದು ಹೊಸದಾಗಿ ಹಾಕಿದ ಸಾಮಾನಲ್ಲ. ಅದಕ್ಕೆ ಕರೆಂಟ್ ಎಲ್ಲಿಂದ ತೆಗೆದರು, ಅರ್ತ್ (ಕರೆಂಟ್ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಎಲ್ಲಿಗೆ ಕೊಟ್ಟರು, ತೊಂದರೆ ಇರುವುದು ಅಲ್ಲಿ. ಹಾಗಿರುವಾಗ ಎರಡು ಸಾವಿರ ಕೊಟ್ಟು ಹೊಸ ಲ್ಯಾಂಪ್ ತರುವ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮುಗಿಸಿಕೊಳ್ಳುವುದು ಒಳ್ಳೆಯದಲ್ವಾ?

ಬೇಕಾದ ಸಾಮಾನು ಸ್ವಲ್ಪವೇ. ಒಂದು 12 ವೋಲ್ಟ್ ಟೆಸ್ಟ್ ಲ್ಯಾಂಪ್, ಒಂದು ಸಾದಾ ಮಲ್ಟಿಮೀಟರ್, 10ರ ಸ್ಪ್ಯಾನರ್, ಸ್ಯಾಂಡ್ ಪೇಪರ್ ತುಂಡು, ನಾಲ್ಕು ಬಿಡಿ ಫ್ಯೂಸ್. ವಯರ್ ಬಿಚ್ಚುವ, ಕತ್ತರಿಸುವ ಕೆಲಸ ಇದ್ದರೆ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಿರಿ, ಕೊನೆಗೆ ಹಾಕಿ. ಮತ್ತೊಂದು ಮಾತು. ಸ್ಟೀರಿಂಗ್ ಕೆಳಗೆ, ಸೀಟಿನ ಅಡಿಯಲ್ಲಿ ಹಳದಿ ಬಣ್ಣದ ವಯರ್ ಸ್ಲೀವ್, ಹಳದಿ ಕಪ್ಲರ್ (ವಯರ್ ಜೋಡಿಸುವ ಪ್ಲಗ್) ಕಂಡರೆ ಕೈ ಹಾಕಬೇಡಿ. ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಿದರೆ ಏರ್‌ಬ್ಯಾಗ್ ಮುಖಕ್ಕೇ ಸಿಡಿಯಬಹುದು.

ಸುಟ್ಟ ವಾಸನೆ, ಹೊಗೆ, ಬಿಸಿಯಾದ ಸ್ವಿಚ್

ಇದನ್ನು ಮೊದಲೇ ಬರೆಯುತ್ತೇನೆ. ಯಾಕೆಂದರೆ ಇಲ್ಲಿ ಪರೀಕ್ಷೆ ಮಾಡುತ್ತಾ ಕೂರುವಂತಿಲ್ಲ.

ಗಾಡಿ ಬದಿಗೆ ನಿಲ್ಲಿಸಿ, ಕೀ ತೆಗೆದು, ಎಲ್ಲರೂ ಇಳಿಯಿರಿ. ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಬಾನೆಟ್ ಎತ್ತಬೇಡಿ. ಗಾಳಿ ಸಿಕ್ಕಿದರೆ ಸಣ್ಣ ಬೆಂಕಿ ದೊಡ್ಡದಾಗುತ್ತದೆ. ದೂರ ಹೋಗಿ ನಿಂತು 112ಕ್ಕೆ ಫೋನ್ ಮಾಡಿ. ಹೊಗೆ ಇಲ್ಲ, ವಾಸನೆ ಮಾತ್ರ ಅಂತಾದರೆ ಸ್ವಲ್ಪ ಹೊತ್ತು ಕಾದು ನೆಗೆಟಿವ್ ತೆಗೆಯಿರಿ. ವಾಸನೆ ಹೋಯಿತು ಅಂತ ಮತ್ತೆ ಸ್ಟಾರ್ಟ್ ಮಾಡಿ ಮನೆವರೆಗೆ ಓಡಿಸುವ ಧೈರ್ಯ ಬೇಡ. ಕಾರನ್ನು ಕಟ್ಟಿ ಎಳೆಸಿಕೊಂಡು ಹೋಗಿ.

ಇದಕ್ಕೆ ಒಂದು ಕಾರಣ ಹೆಚ್ಚು ವ್ಯಾಟಿನ ಬಲ್ಬ್. ಮಾಮೂಲಿ ಹ್ಯಾಲೊಜನ್ ಫಾಗ್ ಬಲ್ಬ್ 55 ವ್ಯಾಟ್. ಎರಡಕ್ಕೆ ಸೇರಿ ಸುಮಾರು 9 ಆಂಪಿಯರ್ ಬೇಕು. "ಬೆಳಕು ಸಾಲದು" ಅಂತ 100 ವ್ಯಾಟಿನ ಎರಡು ಬಲ್ಬ್ ಹಾಕಿದರೆ ಅದು 17 ಆಂಪಿಯರ್ ಹತ್ತಿರ ಹೋಗುತ್ತದೆ. ವಯರ್ ಮಾತ್ರ ಹಳೆಯದೇ. ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ಕಪ್ಲರ್. ಇನ್ನೊಂದು ಕಾರಣ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಪುಟ್ಟ ಡಬ್ಬಿ) ಹಾಕದೆ ಅಷ್ಟೂ ಕರೆಂಟನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕವೇ ಕಳಿಸುವುದು. ಸ್ವಿಚ್ ಮುಟ್ಟಿದಾಗ ಬೆಚ್ಚಗಿದ್ದರೆ ಆ ಫಿಟ್ಟಿಂಗ್ ತಪ್ಪು. ಮತ್ತೆ ಬಳಸಬೇಡಿ.

ಸ್ವಿಚ್ ಹಾಕಿದರೂ ಎರಡೂ ಉರಿಯುವುದಿಲ್ಲ

ನಗಬೇಡಿ. ಮೊದಲ ಪರೀಕ್ಷೆ ಪಾರ್ಕ್ ಲೈಟ್ ಹಾಕಿ ನೋಡುವುದು. ಹೆಚ್ಚಿನ ಕಾರುಗಳಲ್ಲಿ ಪಾರ್ಕ್ ಲೈಟ್ ಇಲ್ಲದೆ ಫಾಗ್ ಲ್ಯಾಂಪ್ ಉರಿಯುವುದಿಲ್ಲ. ಕುಂಬಳೆಯಿಂದ ಒಬ್ಬರು ನಮ್ಮಲ್ಲಿಯವರೆಗೆ ಬಂದು, ಇದನ್ನು ತಿಳಿದು, ಚಹಾ ಕುಡಿದು ವಾಪಸ್ ಹೋದದ್ದುಂಟು.

ಆಮೇಲೆ ಫ್ಯೂಸ್. ಹೊರಗಿನಿಂದ ಹಾಕಿಸಿದ ಕಿಟ್ ಆದರೆ ಫ್ಯೂಸ್ ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಇರುವುದಿಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ವಯರನ್ನು ಹಿಡಿದು ಹೋದರೆ ಒಂದು ಗೇಣಿನೊಳಗೆ ಸಿಗಬೇಕು. ಸಿಗಲೇ ಇಲ್ಲ ಅಂದರೆ ಹಾಕಿದವನು ಫ್ಯೂಸ್ ಕೊಟ್ಟಿಲ್ಲ. ಆ ಕಾರಿನಲ್ಲಿ ಬೇರೆ ಏನು ಹುಡುಕುವ ಮೊದಲೂ ಅದನ್ನು ಸರಿಮಾಡಿಸಿ. 55 ವ್ಯಾಟಿನ ಜೋಡಿಗೆ 15 ಆಂಪಿಯರ್ ಸಾಕು, ಅದರ ಬಣ್ಣ ನೀಲಿ. ಫ್ಯೂಸ್ ಕಣ್ಣಿಗೆ ಸರಿ ಕಂಡರೂ ತೆಗೆದು ಅದರ ಕಾಲು ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಅದೂ ಕೆಟ್ಟ ಹಾಗೆಯೇ. ಉಪ್ಪಳ, ಮಂಜೇಶ್ವರದಂತಹ ಕಡಲ ಬದಿಯ ಊರುಗಳಲ್ಲಿ ಇದು ಬೇಗ ಬರುತ್ತದೆ.

ಫ್ಯೂಸ್ ಸರಿ ಇದ್ದರೆ ಒಬ್ಬರು ಒಳಗೆ ಕೂತು ಸ್ವಿಚ್ ಹಾಕಲಿ, ಇನ್ನೊಬ್ಬರು ರಿಲೇ ಮೇಲೆ ಬೆರಳಿಡಲಿ. ಇಂಜಿನ್ ಬಂದ್ ಇರಲಿ. "ಟಕ್" ಅಂದರೆ ಸ್ವಿಚ್ಚಿನ ಕಡೆ ಎಲ್ಲ ಸರಿ, ತೊಂದರೆ ರಿಲೇಯಿಂದ ಮುಂದೆ. ಸದ್ದೇ ಇಲ್ಲ ಅಂದರೆ ತೊಂದರೆ ರಿಲೇಯಲ್ಲಿ, ಇಲ್ಲವೇ ಅದರ ಹಿಂದೆ. ರಿಲೇಯ ಕಾಲುಗಳ ಬಳಿ ಸಣ್ಣ ಅಂಕಿ ಇರುತ್ತದೆ. 30 ಬ್ಯಾಟರಿಯಿಂದ ಬರುವುದು, 87 ಲ್ಯಾಂಪಿಗೆ ಹೋಗುವುದು, 85 ಮತ್ತು 86 ಒಳಗಿನ ಕಾಯಿಲಿನದು. 30ರಲ್ಲಿ ಟೆಸ್ಟ್ ಲ್ಯಾಂಪ್ ಯಾವಾಗಲೂ ಉರಿಯಬೇಕು. 87ರಲ್ಲಿ ಸ್ವಿಚ್ ಹಾಕಿದಾಗ ಮಾತ್ರ. "ಟಕ್" ಅನ್ನುತ್ತದೆ, ಆದರೆ 87ರಲ್ಲಿ ಕರೆಂಟ್ ಇಲ್ಲ ಅಂತಾದರೆ ರಿಲೇಯ ಒಳಗಿನ ಪಾಯಿಂಟ್ ಸುಟ್ಟಿದೆ. ಹೊಸತು ತರುವ ಮೊದಲು ಅಂಥದ್ದೇ ಕಾಲುಗಳ ಹಾರ್ನ್ ರಿಲೇ ಇದ್ದರೆ ಅದನ್ನು ಹಾಕಿ ನೋಡಬಹುದು. ಪೈಸೆ ಖರ್ಚಿಲ್ಲ.

ಕಂಪನಿಯ ಹಾರ್ನೆಸ್‌ಗೇ (ಕಾರಿನ ಜೊತೆ ಬಂದ ವಯರಿನ ಕಟ್ಟಿಗೇ) ಲ್ಯಾಂಪ್ ಹಾಕಿದವರಿಗೆ ಇನ್ನೊಂದು ತೊಡಕು ಉಂಟು. ಕೆಲವು ಕಾರುಗಳಲ್ಲಿ ಕೆಳಗಿನ ಮಾದರಿಗೂ ಬಂಪರಿನ ಹಿಂದೆ ಫಾಗ್ ಲ್ಯಾಂಪಿನ ಕಪ್ಲರ್ ಸುಮ್ನೆ ನೇತಾಡುತ್ತಿರುತ್ತದೆ. ಲ್ಯಾಂಪ್ ಸಿಕ್ಕಿಸಿ, ಹೊಸ ಲೈಟ್ ಸ್ವಿಚ್ ಹಾಕಿದರೂ ಉರಿಯುವುದಿಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾದಂತಹ ಕಾರುಗಳಲ್ಲಿ ಲೈಟುಗಳನ್ನು ಆಡಿಸುವುದು ಒಂದು ಕಂಟ್ರೋಲ್ ಯೂನಿಟ್. "ಈ ಕಾರಿಗೆ ಫಾಗ್ ಲ್ಯಾಂಪ್ ಇದೆ" ಅಂತ ಸ್ಕ್ಯಾನರ್ ಹಾಕಿ ಅದಕ್ಕೆ ಹೇಳಿಕೊಡಬೇಕು. ಕೋಡಿಂಗ್ ಅಂತಾರೆ. ಇದು ಮನೆಯಂಗಳದ ಕೆಲಸವಲ್ಲ. ತಪ್ಪು ಕೋಡಿಂಗ್ ಹಾಕಿ ಮೀಟರಿನಲ್ಲಿ ಬೇರೆ ನಾಲ್ಕು ದೀಪ ಹತ್ತಿಸಿಕೊಂಡವರನ್ನು ನೋಡಿದ್ದೇನೆ.

ಒಂದು ಕಡೆ ಮಾತ್ರ ಉರಿಯುತ್ತದೆ

"ಒಂದೇ ಕಣ್ಣು ಉರೀತದೆ ಭಾವ, ಮತ್ತೊಂದು ಹೋಯ್ತು. ಲ್ಯಾಂಪ್ ತರಲಾ?" ಅಂತ ಕಳೆದ ಮಳೆಗಾಲ ಫೋನ್ ಬಂತು. ತರಬೇಡ ಅಂದೆ.

ಒಂದು ಕಡೆ ಉರಿಯುತ್ತಿದೆ ಅಂದರೆ ಸ್ವಿಚ್, ರಿಲೇ, ಮುಖ್ಯ ಫ್ಯೂಸ್ ಮೂರೂ ಸರಿ ಇವೆ. ಎರಡಕ್ಕೂ ಬೇರೆ ಬೇರೆ ಫ್ಯೂಸ್ ಕೊಟ್ಟಿದ್ದರೆ ಮಾತ್ರ ಅದನ್ನೊಮ್ಮೆ ನೋಡಿ. ಇಲ್ಲದಿದ್ದರೆ ನೇರ ಬಲ್ಬಿಗೆ ಹೋಗಿ. ಎಡದ ಬಲ್ಬನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಕತ್ತಲೆ ಬಲ್ಬಿನ ಜೊತೆ ಹೋದರೆ ಬಲ್ಬ್ ಕೆಟ್ಟಿದೆ. ಕತ್ತಲೆ ಅಲ್ಲೇ ಉಳಿದರೆ ವಯರ್ ಅಥವಾ ಅರ್ತ್. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬಟ್ಟೆಯಲ್ಲಿ ಹಿಡಿಯಿರಿ. ಬೆರಳಿನ ಎಣ್ಣೆ ತಾಗಿದ ಜಾಗ ಜಾಸ್ತಿ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ. ಉರಿಯುತ್ತಿದ್ದ ಬಲ್ಬ್ ತೆಗೆಯುವುದಾದರೆ ಹತ್ತು ನಿಮಿಷ ತಣಿಯಲು ಬಿಡಿ. ಎಲ್‌ಇಡಿ ಬಲ್ಬ್ ಆದರೆ ಕಪ್ಲರನ್ನು ತಿರುಗಿಸಿ ಹಾಕಿಯೂ ನೋಡಿ. ಪ್ಲಸ್ ಮೈನಸ್ ಅದಲುಬದಲಾದರೆ ಎಷ್ಟೋ ಎಲ್‌ಇಡಿ ಉರಿಯುವುದಿಲ್ಲ.

ಭಾವನ ಕಾರಿನಲ್ಲಿ ಕತ್ತಲೆ ಅಲ್ಲೇ ಉಳಿಯಿತು. ಕಪ್ಲರ್ ಬಿಚ್ಚಿದರೆ ಒಳಗೆ ಕೆಂಪು ಕೆಸರು. ನಮ್ಮ ಮುರಕಲ್ಲಿನ ದಾರಿಯ ಕೆಸರು ನೀರು ಚಕ್ರದಿಂದ ಹಾರಿ ನೇರ ಅಲ್ಲಿಗೇ ಬೀಳುತ್ತದೆ, ಏಕೆಂದರೆ ಹಾಕಿದವನು ಕಪ್ಲರನ್ನು ಬಾಯಿ ಮೇಲೆ ಮಾಡಿ ಕಟ್ಟಿದ್ದ. ಪೆಟ್ರೋಲ್ ಹಾಕಿ ಉಜ್ಜಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಒಣಗಿಸಿ, ಒಳಗಿನ ಪಿನ್ ಹಸಿರಾಗಿದ್ದರೆ ಬದಲಾಯಿಸಿ, ಬಾಯಿ ಕೆಳಗೆ ಬರುವ ಹಾಗೆ ಕಟ್ಟಿ. ಅದಕ್ಕೆ ತಗುಲಿದ್ದು ಅರ್ಧ ಗಂಟೆ.

ಉರಿಯುತ್ತದೆ, ಆದರೆ ಮಂಕು. ಅಥವಾ ಕಣ್ಣು ಮಿಟುಕಿಸುತ್ತದೆ

ಇಂಡಿಕೇಟರ್ ಹಾಕಿದಾಗ ಫಾಗ್ ಲ್ಯಾಂಪ್ ಕೂಡ ತಾಳ ಹಾಕಿದ ಹಾಗೆ ಮಂಕಾಗಿ, ಬೆಳಗಾಗಿ ಮಾಡುತ್ತದಾ? ಆಗ ಬೇರೆ ಪರೀಕ್ಷೆ ಬೇಡ. ಅರ್ತ್ ಹೋಗಿದೆ. ಫಾಗ್ ಲ್ಯಾಂಪು, ಇಂಡಿಕೇಟರ್ ಎರಡೂ ಒಂದೇ ಅರ್ತ್ ಬೋಲ್ಟಿಗೆ ಬಂದಿರುತ್ತವೆ. ಆ ಬೋಲ್ಟ್ ಕಾರಿನ ತಗಡಿಗೆ ಸರಿಯಾಗಿ ಹಿಡಿದಿರುವುದಿಲ್ಲ. ಹೋಗಲು ದಾರಿ ಇಲ್ಲದ ಕರೆಂಟ್ ಪಕ್ಕದ ಲ್ಯಾಂಪಿನ ಒಳಗಿಂದ ಹಿಂದಕ್ಕೆ ನುಗ್ಗುತ್ತದೆ.

ಈ ತಪ್ಪು ನಾನೇ ಮಾಡಿದ್ದೆ. ನನ್ನ ಮೊದಲ ಫಿಟ್ಟಿಂಗ್. ಬಂಪರಿನ ಹಿಂದೆ ಒಂದು ಚೆಂದದ ಬೋಲ್ಟ್ ಕಂಡಿತು, ವಯರಿನ ತುದಿ ತಿರುಚಿ ಅದರಡಿ ಸಿಕ್ಕಿಸಿ ಬಿಗಿದೆ. ಬೋಲ್ಟಿನ ಅಡಿಯಲ್ಲಿ ದಪ್ಪ ಪೇಂಟ್ ಇತ್ತು. ಪೇಂಟಿನ ಮೂಲಕ ಕರೆಂಟ್ ಹೋಗುವುದಿಲ್ಲ. ಬೋಲ್ಟಿನ ಮರೆಯಲ್ಲಿ ಎಲ್ಲೋ ಒಂದಿಷ್ಟು ತಗಡು ತಾಗುತ್ತಿದ್ದದ್ದರಿಂದ ಬೇಸಗೆಯಿಡೀ ನಡೆಯಿತು. ಜುಲೈಯಲ್ಲಿ ಮಡಿಕೇರಿಯಿಂದ ಇಳಿಯುವಾಗ, ಬೇಕಾದ ಹೊತ್ತಿಗೇ, ಎರಡೂ ಮಿಣುಕುಹುಳದ ಹಾಗಾದವು. ಎಮರ್ಜೆನ್ಸಿ ಲೈಟ್ ಹಾಕಿ ಒಂದು ಬಸ್ಸಿನ ಬೆನ್ನು ಹಿಡಿದು ಸಂಪಾಜೆಗೆ ಬಂದೆ. ಮನೆಯವಳು ಇವತ್ತಿಗೂ ಆ ಮಾತು ಎತ್ತುತ್ತಾಳೆ.

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಲ್ಯಾಂಪ್ ಉರಿಯುತ್ತಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಲ್ಯಾಂಪಿನ ಅರ್ತ್ ಪಿನ್ನಿಗೆ. 0.2 ವೋಲ್ಟಿನೊಳಗೆ ಇದ್ದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ಬೋಲ್ಟ್ ಬಿಚ್ಚಿ. ಅಡಿಯ ಪೇಂಟ್, ತುಕ್ಕು ತೆಗೆದು ತಗಡು ಹೊಳೆಯುವವರೆಗೆ ಉಜ್ಜಿ. ವಯರಿನ ತುದಿಗೆ ಥಿಂಬಲ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆ) ಒತ್ತಿ ಹಾಕಿ. ಬಿಗಿದ ಮೇಲೆ ಗ್ರೀಸ್ ಸವರಿ. ಇಂಜಿನ್ ಓಡುತ್ತಿರುವಾಗ ಈ ಪರೀಕ್ಷೆ ಮಾಡುವುದಾದರೆ ಫ್ಯಾನು, ಬೆಲ್ಟಿನ ಹತ್ತಿರ ಕೈ, ಶಾಲು, ಲುಂಗಿಯ ತುದಿ ಹೋಗದಂತೆ ನೋಡಿಕೊಳ್ಳಿ. ಕೀ ಬಂದ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವುದುಂಟು.

ಅರ್ತ್ ಸರಿ ಇದ್ದೂ ಮಂಕಾಗಿದ್ದರೆ ಪಾಸಿಟಿವ್ ಕಡೆ ಇದೇ ರೀತಿ ಅಳೆಯಿರಿ: ಬ್ಯಾಟರಿಯ ಪಾಸಿಟಿವ್‌ನಿಂದ ಲ್ಯಾಂಪಿನ ಪಾಸಿಟಿವ್ ಪಿನ್ನಿಗೆ. ಇಲ್ಲೂ ಅರ್ಧ ವೋಲ್ಟಿಗಿಂತ ಜಾಸ್ತಿ ಇರಬಾರದು. ಇದ್ದರೆ ವಯರ್ ತೆಳುವಾಗಿರಬಹುದು. 55 ವ್ಯಾಟಿನ ಜೋಡಿಗೆ 2.5 ಚದರ ಮಿಲಿಮೀಟರ್ ವಯರ್ ಬೇಕು. ಸ್ಪೀಕರ್ ವಯರ್ ಎಳೆದದ್ದನ್ನೂ ಕಂಡಿದ್ದೇನೆ! ಅರ್ಧ ವೋಲ್ಟಿಗೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ಮೂವತ್ತು ಕಡಿಮೆಯಾಗುತ್ತದೆ. ಮಂಜಿನಲ್ಲಿ ಆ ಮೂವತ್ತೇ ಬೇಕಾಗುವುದು.

ಎಲ್‌ಇಡಿ ಮಾತ್ರ ಮಿಟುಕಿಸುತ್ತಿದ್ದು, ಹ್ಯಾಲೊಜನ್ ಹಾಕಿದರೆ ಸರಿ ಆಗುವುದಾದರೆ ವಯರಿನಲ್ಲಿ ತಪ್ಪಿಲ್ಲ. ಹೊಸ ಕಾರುಗಳ ಕಂಟ್ರೋಲ್ ಯೂನಿಟ್ ಬಲ್ಬ್ ಇದೆಯಾ ಅಂತ ನೋಡಲು ಸಣ್ಣ ಸಣ್ಣ ತುಂಡಾಗಿ ಕರೆಂಟ್ ಕಳಿಸುತ್ತದೆ. ಹ್ಯಾಲೊಜನ್‌ಗೆ ಅದು ಗೊತ್ತಾಗುವುದಿಲ್ಲ, ಎಲ್‌ಇಡಿ ಅದಕ್ಕೂ ಕುಣಿಯುತ್ತದೆ. ಇದಕ್ಕೆ ಅಡಾಪ್ಟರ್ ಸಿಗುತ್ತದೆ. ನನ್ನನ್ನು ಕೇಳಿದರೆ ಹ್ಯಾಲೊಜನ್‌ಗೆ ವಾಪಸ್ ಹೋಗಿ.

ಫ್ಯೂಸ್ ಹಾಕಿದ ಹಾಗೆ ಹೋಗುತ್ತದೆ

15 ಹೋಯಿತು, 20 ಹಾಕು. ಅದೂ ಹೋಯಿತು, 30 ಹಾಕು. ಕೊನೆಗೆ ಸಿಗರೇಟ್ ಪ್ಯಾಕಿನ ಕಾಗದ. ಹೀಗೆ ಮಾಡುವವರಿಗೆ ಒಂದೇ ಮಾತು: ಫ್ಯೂಸ್ ಹೋಗದಿದ್ದರೆ ವಯರ್ ಹೋಗುತ್ತದೆ.

ಯಾವಾಗ ಹೋಗುತ್ತದೆ ಎಂಬುದೇ ದೊಡ್ಡ ಸುಳಿವು. ಸ್ವಿಚ್ ಹಾಕಿದ ಕೂಡಲೇ ಹೋದರೆ ವಯರ್ ಎಲ್ಲೋ ಸುಲಿದು ಕಾರಿನ ತಗಡಿಗೆ ತಾಗಿದೆ. ಗುಂಡಿ ಹಾರಿದಾಗ ಮಾತ್ರ ಹೋದರೆ ಸಡಿಲ ವಯರ್ ಅಲುಗಾಡಿ ತಾಗುತ್ತಿದೆ. ಹತ್ತು ನಿಮಿಷ ಉರಿದು ಹೋದರೆ ಬಲ್ಬಿನ ವ್ಯಾಟ್ ಜಾಸ್ತಿ, ಅಥವಾ ಅದೇ ಫ್ಯೂಸಿನಿಂದ ಬೇರೆ ಏನೋ ಕರೆಂಟ್ ತೆಗೆದಿದ್ದಾರೆ. ಮಳೆಗೆ ಮಾತ್ರ ಹೋದರೆ ಕಪ್ಲರಿನೊಳಗೆ ನೀರು.

ಫ್ಯೂಸ್ ಸುಡುತ್ತಾ ಹುಡುಕಬೇಡಿ. ಬಲ್ಬಿನ ಕಪ್ಲರ್ ಎರಡೂ ಬಿಚ್ಚಿ, ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಒಂದು ಇಂಡಿಕೇಟರ್ ಬಲ್ಬನ್ನು ವಯರ್ ಕಟ್ಟಿ ಹಾಕಿ. ಸ್ವಿಚ್ ಹಾಕಿದಾಗ ಅದು ಪೂರ್ತಿ ಉರಿದರೆ ಎಲ್ಲೋ ತಾಗುತ್ತಿದೆ ಅಂತ ಅರ್ಥ. ಈಗ ಹಾರ್ನೆಸನ್ನು ಅಷ್ಟಷ್ಟೇ ಅಲುಗಿಸುತ್ತಾ ಹೋಗಿ. ಬಲ್ಬ್ ಆರಿದ ಜಾಗದಲ್ಲೇ ತೊಂದರೆ. ಅಗ್ಗದ ಉಪಾಯ, ಆದರೆ ಒಳ್ಳೊಳ್ಳೆ ವರ್ಕ್‌ಶಾಪಿನಲ್ಲೂ ಹೀಗೇ ಮಾಡುತ್ತಾರೆ.

ಹುಡುಕುವಾಗ ಇಲಿಯನ್ನು ಮರೆಯಬೇಡಿ. ಮಳೆಗಾಲದಲ್ಲಿ ಅಡಿಕೆ, ತೆಂಗಿನಕಾಯಿ ರಾಶಿ ಹಾಕಿದ ಕೊಟ್ಟಿಗೆಯ ಪಕ್ಕದಲ್ಲೇ ಕಾರು ನಿಲ್ಲಿಸುತ್ತೇವೆ. ಬಿಸಿ ಇಂಜಿನ್ ಅಂದರೆ ಇಲಿಗೆ ಬೆಚ್ಚಗಿನ ಮನೆ. ಬಾನೆಟ್ ಎತ್ತಿದಾಗ ಅಡಿಕೆ ಸಿಪ್ಪೆಯ ನಾರು, ಹಿಕ್ಕೆ ಕಂಡರೆ ಫಾಗ್ ಲ್ಯಾಂಪಿನ ವಯರ್ ಮಾತ್ರ ನೋಡಿ ಸುಮ್ಮನಾಗಬೇಡಿ. ಎಬಿಎಸ್ ಅಥವಾ ಇಂಜಿನ್ ದೀಪ ಮೀಟರಿನಲ್ಲಿ ಉರಿಯುತ್ತಿದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಪೂರ್ತಿ ಹಾರ್ನೆಸ್ ನೋಡಬಲ್ಲವರಿಗೆ ಕೊಡಿ. ಹಾಕಿದ ಹೊಸ ವಯರಿಗೆಲ್ಲ ಸುರುಳಿ ಸ್ಲೀವ್ ಹಾಕಿಸುವುದು ಒಳ್ಳೆಯದು. ಬರೀ ಇನ್ಸುಲೇಶನ್ ಟೇಪ್ ನಮ್ಮ ಸೆಕೆಗೆ ಅಂಟು ಬಿಟ್ಟು ಬಿಚ್ಚಿಕೊಳ್ಳುತ್ತದೆ.

ಗಾಜಿನ ಒಳಗೆ ನೀರು

ಬೆಳಿಗ್ಗೆ ತೆಳು ಹಬೆ, ಉರಿಸಿದ ಕಾಲು ಗಂಟೆಯಲ್ಲಿ ಮಾಯ: ಬಿಟ್ಟುಬಿಡಿ, ಉಸಿರಾಡಲು ಲ್ಯಾಂಪಿಗೆ ಸಣ್ಣ ತೂತು ಇರುತ್ತದೆ, ಅದರಿಂದ ಬಂದದ್ದು. ನೀರು ನಿಂತು ತೊಟ್ಟಿಕ್ಕುತ್ತಿದ್ದರೆ ಹಿಂದಿನ ರಬ್ಬರ್ ಕೂತಿಲ್ಲ ಅಥವಾ ಗಾಜು ಬಿರುಕು ಬಿಟ್ಟಿದೆ. ಸೀಲ್ ಮಾಡುತ್ತೇನೆ ಅಂತ ಆ ಉಸಿರಿನ ತೂತಿಗೂ ಸಿಲಿಕಾನ್ ತುಂಬಿದರೆ ಒಳಗಿನ ನೀರು ಒಳಗೇ ಉಳಿಯುತ್ತದೆ.

ಬೆಳಕಿದೆ, ದಾರಿ ಕಾಣುವುದಿಲ್ಲ, ಎದುರಿನವರು ಬೈಯುತ್ತಾರೆ

ವಯರಿನ ತೊಂದರೆಯಲ್ಲ, ಕೋನದ್ದು. ಫಾಗ್ ಲ್ಯಾಂಪ್ ಕೆಳಗೆ, ಅಗಲಕ್ಕೆ ಬೆಳಕು ಚೆಲ್ಲಬೇಕು. ಮೇಲಕ್ಕೆ ಹೋದ ಬೆಳಕು ಮಂಜಿನ ಹನಿಗೆ ತಾಗಿ ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಸಂಜೆ ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ. ಬೆಳಕಿನ ಮೇಲಿನ ಅಂಚು ಲ್ಯಾಂಪಿನ ನಡುವಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಲ್ಯಾಂಪಿನ ಬಳಿ ತಿರುಗಿಸುವ ಸ್ಕ್ರೂ ಇರುತ್ತದೆ. ಅಂಚೇ ಕಾಣದೆ ಬೆಳಕು ಎಲ್ಲ ಕಡೆ ಚೆಲ್ಲಾಡಿದರೆ, ಹ್ಯಾಲೊಜನ್‌ಗೆ ಮಾಡಿದ ಲ್ಯಾಂಪಿಗೆ ಎಲ್‌ಇಡಿ ಬಲ್ಬ್ ತುರುಕಿದ್ದಾರೆ. ಸ್ಕ್ರೂ ತಿರುಗಿಸಿ ಅದು ಸರಿಯಾಗುವುದಿಲ್ಲ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿಯ ಮೂಲ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಅದೇ ಕಾರಿನ ಮೇಲಿನ ಮಾದರಿಗೆ ಕಂಪನಿ ಕೊಡುವ ಲ್ಯಾಂಪನ್ನು ಅದೇ ಜಾಗದಲ್ಲಿ ಹಾಕಿಸಿ ಬಿಲ್ಲು ಇಟ್ಟುಕೊಳ್ಳಿ. ಬಂಪರ್ ಮೇಲಿನ ಲೈಟ್ ಬಾರ್, ನೀಲಿ ಕೆಂಪು ಮಿಂಚು ಹಾಕಿಕೊಂಡು ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ, ಯಾವ ರಾಜ್ಯದ ಪೊಲೀಸರು ಮೊದಲು ಕೈ ತೋರಿಸುತ್ತಾರೆ ಅಂತ ನೋಡುವ ಆಟ ಬೇಡ.

ಲೈಟ್ ಹಾಕಿದರೆ ರೇಡಿಯೋ ಕರಕರ ಅನ್ನುತ್ತದೆ

ಮಂಗಳೂರು ಆಕಾಶವಾಣಿ ಚೆನ್ನಾಗಿ ಕೇಳುತ್ತಿತ್ತು, ಫಾಗ್ ಹಾಕಿದ ಕೂಡಲೇ ಕರಕರ. ಅಗ್ಗದ ಎಲ್‌ಇಡಿಯ ಡ್ರೈವರ್ ಮಾಡುವ ಗಲಾಟೆ ಅದು. ರಿವರ್ಸ್ ಕ್ಯಾಮೆರಾದ ಚಿತ್ರದಲ್ಲಿ ಗೆರೆ ಬರುವುದಕ್ಕೂ ಎಷ್ಟೋ ಸಲ ಇದೇ ಕಾರಣ, ಇಲ್ಲವೇ ಕ್ಯಾಮೆರಾದ ಅರ್ತ್. ಎಲ್‌ಇಡಿ ಒಂದೊಂದಾಗಿ ಬಿಚ್ಚಿ ನೋಡಿದರೆ ಕಳ್ಳ ಸಿಗುತ್ತಾನೆ.

ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ

ಹೊಸ ಸಾಮಾನು ಹಾಕಿಸಿದ ಮೇಲೆ ಬ್ಯಾಟರಿ ಮಲಗಲು ಶುರುವಾದರೆ ಬ್ಯಾಟರಿಯನ್ನು ಬೈಯಬೇಡಿ. ರಾತ್ರಿ ನಿಲ್ಲಿಸಿದಾಗ, ಬೆಳಿಗ್ಗೆ ಎದ್ದಾಗ ವೋಲ್ಟೇಜ್ ನೋಡಿ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ಇಂಜಿನ್ ಓಡುವಾಗ 13.8ರಿಂದ 14.4ರೊಳಗೆ ಇರಬೇಕು. ಅಷ್ಟು ಇಲ್ಲದಿದ್ದರೆ ಚಾರ್ಜ್ ಆಗುವುದರಲ್ಲೇ ತೊಂದರೆ, ಆಲ್ಟರ್ನೇಟರ್ ತೋರಿಸಿ.

ಚಾರ್ಜ್ ಸರಿ ಇದ್ದರೆ ನಿಂತಲ್ಲೇ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ. ಮಲ್ಟಿಮೀಟರನ್ನು 10 ಆಂಪಿಯರಿಗೆ ಇಟ್ಟು, ಕೆಂಪು ಕಡ್ಡಿಯ ಪಿನ್ನನ್ನೂ ಆ ತೂತಿಗೆ ಬದಲಾಯಿಸಿ, ಬ್ಯಾಟರಿಯ ನೆಗೆಟಿವ್ ತುದಿಗೂ ಬಿಚ್ಚಿದ ನೆಗೆಟಿವ್ ವಯರಿಗೂ ನಡುವೆ ಹಿಡಿಯಿರಿ. ಬಾಗಿಲು ಹಾಕಿ, ಕೀ ದೂರ ಇಟ್ಟು, ಅರ್ಧ ಗಂಟೆ ಕಾಯಿರಿ. ಕಾರಿನ ಯೂನಿಟುಗಳು ನಿದ್ದೆ ಹೋಗಲು ಅಷ್ಟು ಹೊತ್ತು ಬೇಕು. 50 ಮಿಲಿಆಂಪಿಯರಿನ ಒಳಗೆ ಇದ್ದರೆ ಚಿಂತೆ ಇಲ್ಲ. ಅರ್ಧ ಆಂಪಿಯರ್ ತೋರಿಸಿದರೆ 45 ಆಂಪಿಯರ್-ಅವರ್ ಬ್ಯಾಟರಿ ಎರಡು ದಿನದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಈಗ ಫ್ಯೂಸ್ ಒಂದೊಂದೇ ತೆಗೆಯಿರಿ. ಅಂಕಿ ಬಿದ್ದ ಫ್ಯೂಸೇ ಉತ್ತರ. ಮೀಟರ್ ಹೀಗೆ ನಡುವೆ ಇರುವಾಗ ಮಾತ್ರ ಸ್ಟಾರ್ಟ್ ಮಾಡಬೇಡಿ, ಲೈಟ್ ಹಾಕಬೇಡಿ. ಮೀಟರಿನ ಫ್ಯೂಸ್ ಹೋಗುತ್ತದೆ, ಅಥವಾ ಮೀಟರೇ.

ಸಾಮಾನ್ಯವಾಗಿ ಸಿಕ್ಕಿಬೀಳುವುದು ಡ್ಯಾಶ್‌ಕ್ಯಾಮ್. ಕೀ ತೆಗೆದ ಮೇಲೂ ರೆಕಾರ್ಡ್ ಆಗುತ್ತಿರಲಿ ಅಂತ ಅದನ್ನು ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ. ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಬದಲಾಯಿಸಿದರೆ ಮುಗಿಯಿತು. ಎರಡನೆಯದು ಆಂಪ್ಲಿಫಯರ್.

ನಮ್ಮೂರಿನಲ್ಲಿ ಇನ್ನೊಂದು ತರದ ಕಾರು ಉಂಟು. ಯಜಮಾನ ಗಲ್ಫಿನಲ್ಲಿ, ಕಾರು ಶೆಡ್ಡಿನಲ್ಲಿ, ವರ್ಷಕ್ಕೆ ಒಂದು ತಿಂಗಳು ಓಡಾಟ. ಅಂಥ ಕಾರಿಗೆ ಏನೂ ಹೆಚ್ಚಿಗೆ ಹಾಕಿಸದಿದ್ದರೂ ಎರಡು ತಿಂಗಳು ನಿಂತರೆ ಬ್ಯಾಟರಿ ಸಾಯುತ್ತದೆ. ನಮ್ಮ ಪಕ್ಕದ ಮನೆಯ ಕಾರಿನ ನೆಗೆಟಿವ್ ತೆಗೆದೇ ಇಡುತ್ತೇವೆ. ಹದಿನೈದು ದಿನಕ್ಕೊಮ್ಮೆ ಚಾರ್ಜರ್ ಹಾಕುವುದು, ಇಲಿ ಬಂದಿದೆಯಾ ನೋಡುವುದು. ಅವನ ವಿಮಾನ ಇಳಿಯುವ ಹಿಂದಿನ ಸಂಜೆ 10ರ ಸ್ಪ್ಯಾನರ್ ಹಿಡಿದುಕೊಂಡು ಹೋಗಿ, ಟರ್ಮಿನಲ್ ಬಿಗಿದು, ಫಾಗ್ ಲ್ಯಾಂಪ್ ಎರಡೂ ಉರಿಯುತ್ತದಾ ಅಂತ ಗೋಡೆಗೆ ಬೆಳಕು ಬಿಟ್ಟು ನೋಡಿ ಬರುತ್ತೇನೆ.